ಅವಾಹಿ: ಹೆಸರು ಕೂಗಿದರೆ ಓಗೊಡುತ್ತದೆ, ಆದರೆ ಬಂದ ಹಾಗೇ ಬಿಡಬೇಡಿ

ಒಂದೇ ವೈಫೈಗೆ ಸೇರಿದ ಎರಡು ಲಿನಕ್ಸ್ ಕಂಪ್ಯೂಟರ್‌ಗಳಿವೆ ಎನ್ನಿ. ಒಂದರಲ್ಲಿ ಕೂತು ‘ಪಿಂಗ್ ಲ್ಯಾಬ್-07.ಲೋಕಲ್’ (ಲ್ಯಾಬ್-07 ಎಂಬ ಕಂಪ್ಯೂಟರೇ, ಇದ್ದೀಯಾ?) ಎಂದು ಕೊಟ್ಟರೆ ಇನ್ನೊಂದು ಉತ್ತರಿಸುತ್ತದೆ. ನಡುವೆ ಸರ್ವರ್ ಇಲ್ಲ, ಹೆಸರು-ವಿಳಾಸಗಳ ಪಟ್ಟಿಯನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ರೂಟರ್ ನಾಳೆ ಬೇರೆ ಐಪಿ ವಿಳಾಸ (ಕಂಪ್ಯೂಟರಿನ ಅಂಕಿಯ ವಿಳಾಸ) ಕೊಟ್ಟರೂ ಹೆಸರು ನಡೆಯುತ್ತಲೇ ಇರುತ್ತದೆ. ಇದನ್ನು ಮಾಡುವ ತಂತ್ರಾಂಶ ಅವಾಹಿ. ಉಬುಂಟು ಡೆಸ್ಕ್‌ಟಾಪಿನಲ್ಲೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಓಎಸ್‌ನಲ್ಲೂ ಮೊದಲೇ ಇರುತ್ತದೆ. ಹಾಗಾಗಿ ದಿನವೂ ಬಳಸುವವರಿಗೂ ಅದು ಇರುವುದು ಗೊತ್ತಾಗುವುದು ಕೆಟ್ಟು ಕೂತಾಗಲೇ.

ಇಲ್ಲಿ ನೋಡುತ್ತಿರುವುದು 0.8ನೇ ಆವೃತ್ತಿ, ಡೆಬಿಯನ್ 12 ಮತ್ತು ಉಬುಂಟು 24.04 ಎಂಬ ಲಿನಕ್ಸ್‌ಗಳ ಜೊತೆ ಬರುವಂಥದು. ಮೂವತ್ತು ಕಂಪ್ಯೂಟರಿನ ಶಾಲಾ ಲ್ಯಾಬ್, ಹತ್ತು ಜನರ ಕಚೇರಿ, ಒಂದು ಪೈ ಮತ್ತು ಒಂದು ಪ್ರಿಂಟರ್ ಇರುವ ಮನೆ: ಈ ಅಳತೆಯ ಕೆಲಸಕ್ಕೆ ಅವಾಹಿಯನ್ನು ಧೈರ್ಯವಾಗಿ ಹಾಕಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ, ಹಳೆಯ ಪೈಗೂ ಅದರ ಭಾರ ಗೊತ್ತಾಗುವುದಿಲ್ಲ. ಆದರೆ ನಾಲ್ಕೈದು ಕಡೆ ಕೈ ಹಾಕದಿದ್ದರೆ ಅದು ಕೊಡುವ ಹೆಸರನ್ನು ನಂಬುವಂತಿಲ್ಲ. ಅದರಲ್ಲೂ ಲ್ಯಾಬ್‌ನಲ್ಲಿ ಆಗುವ ಎಡವಟ್ಟು ನಿಜಕ್ಕೂ ಅಪಾಯಕಾರಿ.

ಮೊದಲು ಅದು ಕೆಲಸ ಮಾಡುವ ಬಗೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಮಾಮೂಲಿ ಡಿಎನ್‌ಎಸ್‌ನಲ್ಲಿ ಹೆಸರು ಕೇಳುವುದು ಒಬ್ಬ ಗುಮಾಸ್ತನ ಬಳಿ, ಅಂದರೆ ಗೊತ್ತುಮಾಡಿದ ಸರ್ವರಿನ ಬಳಿ. ಅವಾಹಿಯದು ವಠಾರದ ಅಂಗಳದಲ್ಲಿ ನಿಂತು ಕೂಗುವ ರೀತಿ. ‘ಲ್ಯಾಬ್-07.ಲೋಕಲ್ ಯಾರು?’ ಎಂಬ ಪ್ರಶ್ನೆ 224.0.0.251 ಎಂಬ ಮಲ್ಟಿಕಾಸ್ಟ್ (ಒಟ್ಟಿಗೆ ಹಲವರಿಗೆ ತಲುಪುವ) ವಿಳಾಸಕ್ಕೆ, ಯುಡಿಪಿ 5353ನೇ ಪೋರ್ಟಿಗೆ ಹೋಗುತ್ತದೆ. ಆ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಆ ಹೆಸರಿನವರು ಮಾತ್ರ ‘ನಾನು, ನನ್ನ ವಿಳಾಸ ಇದು’ ಎಂದು ಎಲ್ಲರಿಗೂ ಕೇಳುವಂತೆಯೇ ಓಗೊಡುತ್ತಾರೆ. ಇದರ ಹೆಸರು ಮಲ್ಟಿಕಾಸ್ಟ್ ಡಿಎನ್‌ಎಸ್, ಚಿಕ್ಕದಾಗಿ ಎಂಡಿಎನ್‌ಎಸ್. ಆಪಲ್ ಕಂಪನಿ 2002ರಲ್ಲಿ ಇದನ್ನು ರಾಂದೆವೂ ಎಂಬ ಹೆಸರಿನಲ್ಲಿ ತಂದಿತು, 2005ರಲ್ಲಿ ಬೋಂಜೂರ್ ಎಂದು ಹೆಸರು ಬದಲಿಸಿತು. ಅಲ್ಲಿಯವರೇ ಆದ ಸ್ಟುವರ್ಟ್ ಚೆಶೈರ್ ಮತ್ತು ಮಾರ್ಕ್ ಕ್ರೋಕ್ಮಲ್ ಬರೆದ ನಿಯಮಾವಳಿ 2013ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮಗಳ ದಾಖಲೆ) 6762 ಆಗಿ ಹೊರಬಂತು. ಅದೇ ನಿಯಮವನ್ನು ಲಿನಕ್ಸಿಗೆ ತಂದದ್ದು ಲೆನಾರ್ಟ್ ಪೋಟರಿಂಗ್ ಮತ್ತು ಟ್ರೆಂಟ್ ಲಾಯ್ಡ್ ಕಟ್ಟಿದ ಅವಾಹಿ. ಅವಾಹಿ ಎಂದರೆ ಮಡಗಾಸ್ಕರಿನ ಒಂದು ಲೀಮರ್, ನಮ್ಮ ಕಾಡುಪಾಪದ ದೂರದ ನೆಂಟ.

ಒಂದು ಕಂಪ್ಯೂಟರ್ ಆನ್ ಆದ ಕೂಡಲೇ ತನ್ನ ಹೆಸರನ್ನು ಹಾಗೆಯೇ ಬಳಸಲು ಶುರು ಮಾಡುವುದಿಲ್ಲ. 250 ಮಿಲಿಸೆಕೆಂಡಿಗೊಮ್ಮೆ, ಮೂರು ಸಲ, ‘ಈ ಹೆಸರು ಯಾರದಾದರೂ ಇದೆಯೇ?’ ಎಂದು ಕೇಳುತ್ತದೆ. ಯಾರೂ ಮಾತಾಡದಿದ್ದರೆ ಹೆಸರು ತನ್ನದೆಂದು ಸಾರುತ್ತದೆ. ಆ ಹೆಸರು ಇನ್ನೊಬ್ಬರದಾಗಿದ್ದರೆ ಕೊನೆಗೆ ‘-2’ ಸೇರಿಸಿಕೊಂಡು ಮತ್ತೆ ಕೇಳುತ್ತದೆ. ಈ ಸಜ್ಜನಿಕೆಯೇ ಲ್ಯಾಬ್‌ನಲ್ಲಿ ಕಷ್ಟ ತರುವುದು.

ಲ್ಯಾಬ್‌ಗಳಲ್ಲಿ ಒಂದು ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿ, ಅದರ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ತೆಗೆದು ಉಳಿದ ಇಪ್ಪತ್ತೊಂಬತ್ತಕ್ಕೆ ಇಳಿಸುವುದು ರೂಢಿ. ಆಗ ಎಲ್ಲದರ ಹೆಸರೂ ಒಂದೇ, ‘ಉಬುಂಟು’ ಎಂದುಕೊಳ್ಳೋಣ. ಅವಾಹಿ ಅವುಗಳನ್ನು ಉಬುಂಟು, ಉಬುಂಟು-2, ಉಬುಂಟು-3 ಎಂದು ಉಬುಂಟು-30ರ ತನಕ ಸಾಲಾಗಿ ಹೆಸರಿಸಿಬಿಡುತ್ತದೆ. ನೋಡಿದರೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಆ ಬದಲಾದ ಹೆಸರನ್ನು ಅವಾಹಿ ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಆಪಲ್‌ನ ಮ್ಯಾಕ್‌ನಲ್ಲಾದರೆ ಹೊಸ ಹೆಸರು ಉಳಿಯುತ್ತದೆ, ಇಲ್ಲಿ ಉಳಿಯುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋಗಿ ಬಂದು ಮೂವತ್ತೂ ಒಟ್ಟಿಗೆ ಏಳುವಾಗ ಯಾವುದು ಮೊದಲು ಕೇಳಿತೋ ಅದೇ ಉಬುಂಟು, ಆಮೇಲಿನದು -2. ಬೆಳಿಗ್ಗೆ ಕಿಟಕಿ ಪಕ್ಕದ ಮೇಜಿನಲ್ಲಿದ್ದ ಉಬುಂಟು-5 ಮಧ್ಯಾಹ್ನ ಬಾಗಿಲ ಪಕ್ಕಕ್ಕೆ ಹೋಗಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೇರೆ ಕಂಪ್ಯೂಟರಿಗೆ ಹೋಗಿಬಿಟ್ಟರೆ, ದೂರದಿಂದಲೇ ಕಂಪ್ಯೂಟರಿನೊಳಗೆ ಕೆಲಸ ಮಾಡಲು ಬಳಸುವ ಎಸ್‌ಎಸ್‌ಎಚ್ ಎಚ್ಚರಿಸುತ್ತದಲ್ಲ ಎಂದು ನೀವು ನಂಬಿರಬಹುದು. ಇಮೇಜ್‌ನಿಂದ ಇಳಿಸಿದ ಕಂಪ್ಯೂಟರ್‌ಗಳಲ್ಲಿ ಎಸ್‌ಎಸ್‌ಎಚ್ ಸರ್ವರಿನ ಗುರುತಿನ ಕೀಲಿಗಳೂ ನಕಲಾಗಿರುತ್ತವೆ. ಮೂವತ್ತಕ್ಕೂ ಒಂದೇ ಕೀಲಿ ಇರುವಾಗ ಎಚ್ಚರಿಕೆ ಬರುವುದೇ ಇಲ್ಲ. ಉಬುಂಟು-5ರ ಹಳೆಯ ಫೈಲುಗಳನ್ನು ಅಳಿಸಲು ಹೋಗಿ ಇನ್ನೊಬ್ಬ ವಿದ್ಯಾರ್ಥಿಯ ಕೆಲಸ ಅಳಿಸುವುದು ಹೀಗೆಯೇ.

ಹಾಗಾಗಿ ಇಮೇಜ್ ತೆಗೆಯುವ ಮೊದಲೇ ಎರಡು ಕೆಲಸ ಆಗಬೇಕು. ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನ ‘ಮೆಷಿನ್-ಐಡಿ’ ಫೈಲನ್ನು ಖಾಲಿ ಮಾಡಿ. ಫೈಲನ್ನೇ ಅಳಿಸಬೇಡಿ, ಒಳಗಿನದನ್ನು ಮಾತ್ರ ತೆಗೆಯಿರಿ. ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ತನ್ನ ಡಿಎಚ್‌ಸಿಪಿ (ರೂಟರಿನಿಂದ ಐಪಿ ವಿಳಾಸ ಪಡೆಯುವ ಪದ್ಧತಿ) ಗುರುತನ್ನು ಇದರಿಂದಲೇ ಮಾಡಿಕೊಳ್ಳುತ್ತದೆ. ಇದು ನಕಲಾಗಿದ್ದರೆ ಉಬುಂಟು ಸರ್ವರ್ ಹಾಕಿದ ಎರಡು ಕಂಪ್ಯೂಟರ್‌ಗಳಿಗೆ ರೂಟರ್ ಒಂದೇ ಐಪಿ ಕೊಡುವುದೂ ಉಂಟು. ಎರಡನೆಯದು, ಇಟಿಸಿಯ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ‘ಎಸ್‌ಎಸ್‌ಎಚ್_ಹೋಸ್ಟ್’ ಎಂದು ಶುರುವಾಗುವ ಕೀಲಿಗಳನ್ನು ಅಳಿಸಿ. ಇಳಿಸಿದ ಮೇಲೆ ಪ್ರತಿ ಕಂಪ್ಯೂಟರಿನಲ್ಲೂ ‘ಡಿಪಿಕೆಜಿ-ರೀಕಾನ್ಫಿಗರ್ ಓಪನ್‌ಎಸ್‌ಎಸ್‌ಎಚ್-ಸರ್ವರ್’ ಓಡಿಸಿದರೆ ಹೊಸ ಕೀಲಿ ಹುಟ್ಟುತ್ತವೆ. ನಂತರ ‘ಹೋಸ್ಟ್‌ನೇಮ್‌ಸಿಟಿಎಲ್’ ಮೂಲಕ ಲ್ಯಾಬ್-01ರಿಂದ ಲ್ಯಾಬ್-30ರ ತನಕ ಹೆಸರು ಕೊಡಿ. 1 ಅಲ್ಲ 01, ಇಲ್ಲದಿದ್ದರೆ ಪಟ್ಟಿಯಲ್ಲಿ 10 ಬಂದು 2ರ ಮುಂದೆ ಕೂರುತ್ತದೆ. ಹೆಸರಿನಲ್ಲಿ ಅಂಡರ್‌ಸ್ಕೋರ್ ಬೇಡ, ಅಡ್ಡಗೆರೆ ಸಾಕು. ಇಟಿಸಿಯ ‘ಹೋಸ್ಟ್ಸ್’ ಫೈಲಿನಲ್ಲಿ 127.0.1.1ರ ಸಾಲಿನಲ್ಲೂ ಅದೇ ಹೆಸರು ಬರೆಯಿರಿ. ಮರೆತರೆ ಸುಡೂ (ನಿರ್ವಾಹಕರ ಅಧಿಕಾರದಲ್ಲಿ ಆಜ್ಞೆ ಓಡಿಸುವುದು) ಕೊಟ್ಟಾಗಲೆಲ್ಲ ಹೆಸರು ಸಿಗಲಿಲ್ಲ ಎಂದು ಗೊಣಗುತ್ತದೆ. ಕೊನೆಗೆ ಹಿನ್ನೆಲೆಯಲ್ಲಿ ಓಡುವ ‘ಅವಾಹಿ-ಡೀಮನ್’ ಅನ್ನು ರೀಸ್ಟಾರ್ಟ್ ಮಾಡಿ.

ಕೈಯಾರೆ ಹಾಕಿಕೊಳ್ಳುವವರಿಗೆ ಡೆಬಿಯನ್‌ನಲ್ಲಿ ಬೇಕಾದದ್ದು ಮೂರು ಪ್ಯಾಕೇಜ್. ‘ಅವಾಹಿ-ಡೀಮನ್’ ಕೂಗುವ ಮತ್ತು ಓಗೊಡುವ ಕೆಲಸಕ್ಕೆ. ‘ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್’ ಉಳಿದ ತಂತ್ರಾಂಶಗಳು ಅವಾಹಿಯನ್ನು ಕೇಳುವಂತೆ ಮಾಡುವುದಕ್ಕೆ. ‘ಅವಾಹಿ-ಯುಟಿಲ್ಸ್’ ಪರೀಕ್ಷೆಗೆ. ‘ಅವಾಹಿ ಕೆಟ್ಟಿದೆ’ ಎಂಬ ದೂರುಗಳಲ್ಲಿ ಅನೇಕವು ಈ ಎರಡನೆಯ ಪ್ಯಾಕೇಜ್ ಇಲ್ಲದ್ದರಿಂದ ಬಂದವು. ಇದು ತಿಳಿಯುವುದು ಸುಲಭ. ‘ಅವಾಹಿ-ರಿಸಾಲ್ವ್’ ಗೆ ಎನ್ ಆಯ್ಕೆ ಕೊಟ್ಟು ಹೆಸರು ಕೇಳಿ. ಅದಕ್ಕೆ ವಿಳಾಸ ಸಿಕ್ಕಿ ಪಿಂಗ್‌ಗೆ ಮಾತ್ರ ಸಿಗದಿದ್ದರೆ ಅವಾಹಿ ಚೆನ್ನಾಗಿಯೇ ಇದೆ, ತೊಂದರೆ ಇರುವುದು ಇಟಿಸಿಯ ‘ಎನ್‌ಎಸ್‌ಸ್ವಿಚ್.ಕಾನ್ಫ್’ ಫೈಲಿನಲ್ಲಿ. ಅಲ್ಲಿ ‘ಹೋಸ್ಟ್ಸ್’ ಸಾಲು ಈ ಕ್ರಮದಲ್ಲಿರಬೇಕು: ಫೈಲ್ಸ್, ಎಂಡಿಎನ್‌ಎಸ್4_ಮಿನಿಮಲ್, ಚೌಕ ಆವರಣದೊಳಗೆ ನಾಟ್‌ಫೌಂಡ್=ರಿಟರ್ನ್, ಆಮೇಲೆ ಡಿಎನ್‌ಎಸ್. ಎಂಡಿಎನ್‌ಎಸ್ ಪದ ಡಿಎನ್‌ಎಸ್‌ನ ನಂತರ ಬಿದ್ದರೆ ಪ್ರಶ್ನೆ ಮೊದಲು ಹೊರಗಿನ ಸರ್ವರಿಗೆ ಹೋಗಿ ‘ಇಲ್ಲ’ ಎನಿಸಿಕೊಂಡು ಬರುತ್ತದೆ.

ಪರೀಕ್ಷೆಗೆ ಎನ್‌ಎಸ್‌ಲುಕಪ್ ಬಳಸಬೇಡಿ. ಅದು ಎನ್‌ಎಸ್‌ಸ್ವಿಚ್ ಫೈಲನ್ನು ನೋಡುವುದೇ ಇಲ್ಲ, ನೇರ ಡಿಎನ್‌ಎಸ್ ಸರ್ವರಿಗೆ ಹೋಗುತ್ತದೆ, ಎಲ್ಲ ಸರಿಯಿದ್ದಾಗಲೂ ಸೋಲುತ್ತದೆ. ಸರಿಯಾದ ಪರೀಕ್ಷೆ ‘ಗೆಟ್‌ಎಂಟ್ ಹೋಸ್ಟ್ಸ್’. ಬ್ರೌಸರ್, ಎಸ್‌ಎಸ್‌ಎಚ್, ಪಿಂಗ್ ಹೋಗುವ ದಾರಿಯಲ್ಲೇ ಅದೂ ಹೋಗುತ್ತದೆ. ಆಲ್ಪೈನ್ ಲಿನಕ್ಸಿನಲ್ಲಿ ಮಾತ್ರ ಈ ದಾರಿಯೇ ಇಲ್ಲ. ಅದರ ಮಸಲ್ ಲೈಬ್ರರಿಯಲ್ಲಿ ಎನ್‌ಎಸ್‌ಸ್ವಿಚ್ ಫೈಲನ್ನು ನೋಡುವ ಎನ್‌ಎಸ್‌ಎಸ್ ಇಲ್ಲದ ಕಾರಣ ಡೀಮನ್ ಓಡುತ್ತಿದ್ದರೂ ಪಿಂಗ್‌ಗೆ .ಲೋಕಲ್ ಹೆಸರು ಸಿಗದು. ಡಾಕರ್ ಕಂಟೇನರ್ (ತಂತ್ರಾಂಶವನ್ನು ಬೇರ್ಪಡಿಸಿ ಓಡಿಸುವ ಡಬ್ಬಿ) ಒಳಗಿಂದ ಸಿಗದಿರುವುದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಅದರ ಬ್ರಿಡ್ಜ್ ನೆಟ್‌ವರ್ಕ್ ದಾಟಿ ಮಲ್ಟಿಕಾಸ್ಟ್ ಹೊರಗೆ ಹೋಗುವುದಿಲ್ಲ.

ಇನ್ನು ಬದಲಿಸಬೇಕಾದ ಸೆಟ್ಟಿಂಗ್. ಫೈಲು ಇಟಿಸಿಯ ಅವಾಹಿ ಫೋಲ್ಡರಿನಲ್ಲಿರುವ ‘ಅವಾಹಿ-ಡೀಮನ್.ಕಾನ್ಫ್’. ‘ಅಲೋ-ಇಂಟರ್‌ಫೇಸಸ್’ ಸಾಲಿನ ಮುಂದಿನ ಹ್ಯಾಶ್ ಗುರುತು (#) ತೆಗೆದು ಕೇಬಲ್ ಇರುವ ಒಂದೇ ಇಂಟರ್‌ಫೇಸಿನ (ನೆಟ್‌ವರ್ಕ್ ಸಂಪರ್ಕದ) ಹೆಸರು ಬರೆಯಿರಿ. ಇದರಿಂದ ಎರಡು ಪೀಡೆ ಒಟ್ಟಿಗೆ ತೊಲಗುತ್ತವೆ. ಒಂದು ಡಾಕರ್‌ನದು. ಅದು ಇರುವ ಕಂಪ್ಯೂಟರಿನಲ್ಲಿ ಅವಾಹಿ 172.17.0.1 ವಿಳಾಸವನ್ನೂ ತನ್ನದೆಂದು ನೋಂದಾಯಿಸಿಕೊಳ್ಳುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಇನ್ನೊಂದು, ಕೇಬಲ್ ಮತ್ತು ವೈಫೈ ಎರಡೂ ಒಂದೇ ನೆಟ್‌ವರ್ಕಿಗೆ ಸೇರಿದ ಲ್ಯಾಪ್‌ಟಾಪಿನದು. ಅದು ಕೆಲವೊಮ್ಮೆ ತನ್ನದೇ ಕೂಗನ್ನು ಇನ್ನೊಂದು ಕಿವಿಯಿಂದ ಕೇಳಿಸಿಕೊಂಡು, ಈ ಹೆಸರು ಬೇರೆಯವರದೆಂದು ತಿಳಿದು ತನಗೆ ತಾನೇ ‘-2’ ಹಚ್ಚಿಕೊಳ್ಳುತ್ತದೆ. ಒಂದೇ ಲ್ಯಾಪ್‌ಟಾಪ್ ಇರುವ ಮನೆಯಲ್ಲೂ ‘-2’ ಕಂಡರೆ ಇದನ್ನೇ ಶಂಕಿಸಿ.

ಲಿನಕ್ಸಿನಲ್ಲಿ ಹೆಸರು ಹುಡುಕುವ ಇನ್ನೊಂದು ತಂತ್ರಾಂಶವಾದ ಸಿಸ್ಟಮ್‌ಡಿ-ರಿಸಾಲ್ವ್‌ಡ್‌ನಲ್ಲೂ ಮಲ್ಟಿಕಾಸ್ಟ್ ಡಿಎನ್‌ಎಸ್ ಇದೆ. ಎರಡನ್ನೂ ಓಡಿಸಬೇಡಿ. ಒಂದೇ 5353ಕ್ಕೆ ಇಬ್ಬರು ಕಿವಿಗೊಟ್ಟರೆ ಉತ್ತರ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಈ ಕಂಪ್ಯೂಟರಿನಲ್ಲಿ ಇನ್ನೊಂದು ಎಂಡಿಎನ್‌ಎಸ್ ಓಡುತ್ತಿದೆ, ಇದು ನೆಚ್ಚುವಂಥದ್ದಲ್ಲ ಎಂದು ಅವಾಹಿ ಲಾಗ್‌ನಲ್ಲಿ ಸ್ಪಷ್ಟವಾಗಿಯೇ ಬರೆದಿರುತ್ತದೆ. ಪ್ರಿಂಟರ್ ಹುಡುಕಲು ಲಿನಕ್ಸಿನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಅವಾಹಿಯನ್ನೇ ನೆಚ್ಚಿರುವುದರಿಂದ, ಡೆಸ್ಕ್‌ಟಾಪಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಅವಾಹಿಯನ್ನು.

ವೈಫೈ ವಿಷಯಕ್ಕೆ ಬಂದರೆ ಅವಾಹಿಯ ತಪ್ಪು ಕಡಿಮೆ, ಬೈಗುಳ ಜಾಸ್ತಿ. ಮಾಮೂಲಿ ವೈಫೈ ಪ್ಯಾಕೆಟ್ ತಲುಪಿತೆಂದು ರಸೀದಿ ಬರುತ್ತದೆ, ಬರದಿದ್ದರೆ ಮತ್ತೆ ಕಳಿಸಲಾಗುತ್ತದೆ. ಆಕ್ಸೆಸ್ ಪಾಯಿಂಟ್ ಎಲ್ಲರಿಗೂ ಹಂಚುವ ಮಲ್ಟಿಕಾಸ್ಟಿಗೆ ಆ ರಸೀದಿ ಇಲ್ಲ, ಬಿದ್ದದ್ದು ಬಿತ್ತು. ಬ್ಯಾಟರಿ ಉಳಿಸಲು ಮಲಗಿರುವ ಫೋನಿಗೋ ಲ್ಯಾಪ್‌ಟಾಪಿಗೋ ಅದು ತಲುಪುವುದು ತಡವಾಗಿ. ಆದ್ದರಿಂದ ವೈಫೈನಲ್ಲಿ ಮೊದಲ ಸಲ ಹೆಸರು ಸಿಗದೆ ಎರಡನೇ ಸಲ ಸಿಕ್ಕರೆ ಗಾಬರಿ ಬೇಡ. ಎಂದೂ ಸಿಗದಿದ್ದರೆ ರೂಟರಿನ ಪುಟದಲ್ಲಿ ‘ಎಪಿ ಐಸೊಲೇಷನ್’ ಅಥವಾ ‘ಕ್ಲೈಂಟ್ ಐಸೊಲೇಷನ್’ (ವೈಫೈನಲ್ಲಿರುವವರು ಪರಸ್ಪರ ಮಾತಾಡದಂತೆ ತಡೆಯುವ ಸೆಟ್ಟಿಂಗ್) ಹುಡುಕಿ ಆಫ್ ಮಾಡಿ. ಗೆಸ್ಟ್ ವೈಫೈನಲ್ಲಿ ಸಾಮಾನ್ಯವಾಗಿ ಅದು ಆನ್ ಇರುತ್ತದೆ. ಅಲ್ಲಿ ಹಾಗಿರುವುದೇ ಸರಿ, ಪ್ರಿಂಟರನ್ನು ಮುಖ್ಯ ವೈಫೈಗೆ ತನ್ನಿ. ಕೇಬಲ್ ಲ್ಯಾಬ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದ ಪೋರ್ಟಿಗೆ ಮಾತ್ರ ಬಿಡುವ ಏರ್ಪಾಡು) ಇರುವ ಸ್ವಿಚ್ಚನ್ನು ಶಂಕಿಸಿ. 224.0.0 ಎಂದು ಶುರುವಾಗುವ ವಿಳಾಸಗಳನ್ನು ಸ್ವಿಚ್ ಎಲ್ಲ ಪೋರ್ಟಿಗೂ ಬಿಡಬೇಕು, ಕೆಲವು ಅಗ್ಗದ ಸ್ವಿಚ್‌ಗಳು ಬಿಡುವುದಿಲ್ಲ.

ಫೈರ್‌ವಾಲ್ ನೋಡುವುದಾದರೆ ಯುಎಫ್‌ಡಬ್ಲ್ಯೂ ತನ್ನ ಮೂಲ ನಿಯಮಗಳಲ್ಲೇ ಎಂಡಿಎನ್‌ಎಸ್‌ಗೆ ದಾರಿ ಬಿಟ್ಟಿರುತ್ತದೆ. ಫೈರ್‌ವಾಲ್‌ಡಿ ಬಳಸುವವರು ನಿಮ್ಮ ಝೋನಿನಲ್ಲಿ ‘ಎಂಡಿಎನ್‌ಎಸ್’ ಸೇವೆ ಸೇರಿದೆಯೇ ನೋಡಿಕೊಳ್ಳಿ. ವರ್ಚುವಲ್‌ಬಾಕ್ಸ್ ಒಳಗಿನ ಕಂಪ್ಯೂಟರ್ ಕಾಣದಿದ್ದರೆ ಅದರ ನೆಟ್‌ವರ್ಕನ್ನು ನ್ಯಾಟ್‌ನಿಂದ ಬ್ರಿಡ್ಜ್‌ಡ್‌ಗೆ ಬದಲಿಸಿ.

ವಿಂಡೋಸ್ ಜೊತೆಗಿನ ಒಡನಾಟ ಮೊದಲಿಗಿಂತ ಎಷ್ಟೋ ಮೇಲು. ವಿಂಡೋಸ್ ಲೋಕದ ಹಳೆಯ ಪದ್ಧತಿ ನೆಟ್‌ಬಯೋಸ್. 1987ರ ಆರ್‌ಎಫ್‌ಸಿ 1001 ಮತ್ತು 1002ರಲ್ಲಿ ಬರೆದದ್ದು, ಯುಡಿಪಿ 137ನೇ ಪೋರ್ಟ್, ಹೆಸರಿಗೆ 15 ಅಕ್ಷರದ ಮಿತಿ. ಆಮೇಲೆ ಬಂದ ಎಲ್‌ಎಲ್‌ಎಂಎನ್‌ಆರ್ 5355ನೇ ಪೋರ್ಟಿನಲ್ಲಿ ಅದೇ ರೀತಿ ಕೂಗುತ್ತದೆ. ಈ ಎರಡನ್ನೂ ನೆಟ್‌ವರ್ಕಿನಲ್ಲಿರುವ ಯಾರಾದರೂ ‘ಅದು ನಾನೇ’ ಎಂದು ಸುಳ್ಳು ಉತ್ತರ ಕೊಟ್ಟು ಪಾಸ್‌ವರ್ಡಿನ ಹ್ಯಾಶ್ (ಗೂಢರೂಪ) ಕದಿಯಲು ಬಳಸುತ್ತಾರೆ, ಅದಕ್ಕೆ ಸಿದ್ಧ ತಂತ್ರಾಂಶಗಳೇ ಇವೆ. ಎಲ್ಲ ಕಂಪ್ಯೂಟರ್‌ಗಳೂ ವಿಂಡೋಸ್ 10 ಅಥವಾ ಅದರ ನಂತರದವಾದರೆ ಅವೆರಡನ್ನೂ ಮುಚ್ಚಬಹುದು, ಏಕೆಂದರೆ ಅವಕ್ಕೂ .ಲೋಕಲ್ ಹೆಸರು ತಿಳಿಯುತ್ತದೆ. ಸುಳ್ಳು ಉತ್ತರದ ಅಪಾಯ ಅವಾಹಿಯಲ್ಲಿ ಇಲ್ಲವೆಂದಲ್ಲ. ಕೂಗಿ ಕರೆಯುವ ಯಾವ ಪದ್ಧತಿಯಲ್ಲೂ ಓಗೊಟ್ಟವರು ಅವರೇ ಎಂಬುದಕ್ಕೆ ಪುರಾವೆ ಇರುವುದಿಲ್ಲ. ಮೇಲೆ ಹೇಳಿದಂತೆ ಎಸ್‌ಎಸ್‌ಎಚ್ ಕೀಲಿ ಬೇರೆ ಬೇರೆ ಇರಬೇಕಾದದ್ದು ಇದಕ್ಕೂ ಹೌದು.

ಕಚೇರಿಯ ವಿಂಡೋಸ್ ಡೊಮೇನಿನ ಹೆಸರೇ .ಲೋಕಲ್ ಎಂದು ಮುಗಿಯುತ್ತಿದ್ದರೆ ಅಲ್ಲಿ ಜಗಳ ಖಚಿತ. ಲಿನಕ್ಸ್ ಕಂಪ್ಯೂಟರ್ ಸರ್ವರನ್ನು ಕೇಳುವ ಬದಲು ಅಂಗಳದಲ್ಲಿ ಕೂಗುತ್ತದೆ, ಸುಮಾರು 5 ಸೆಕೆಂಡ್ ಕಾದು ಸಿಗಲಿಲ್ಲ ಎನ್ನುತ್ತದೆ. ಎನ್‌ಎಸ್‌ಎಸ್-ಎಂಡಿಎನ್‌ಎಸ್‌ನ ಈಚಿನ ಆವೃತ್ತಿಗಳು ಡಿಎನ್‌ಎಸ್ ಸರ್ವರ್ .ಲೋಕಲ್ ತನ್ನದೆಂದರೆ ತಾವೇ ಹಿಂದೆ ಸರಿಯುತ್ತವೆ. ಆದರೂ ಹೊಸ ಡೊಮೇನಿಗೆ ದಯವಿಟ್ಟು ಆ ಹೆಸರು ಇಡಬೇಡಿ.

ಕನ್ನಡಿಗರಿಗೆ ಖುಷಿ ಕೊಡುವ ಒಂದು ಮಾತು. ಕಂಪ್ಯೂಟರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಆದರೆ ಅವಾಹಿ ಸಾರುವ ಸೇವೆಯ ಹೆಸರು ಯುಟಿಎಫ್-8, ಅಂದರೆ ಕನ್ನಡದಲ್ಲೇ ಇಡಬಹುದು. ಅವಾಹಿ ಫೋಲ್ಡರಿನ ಒಳಗಿನ ‘ಸರ್ವಿಸಸ್’ ಫೋಲ್ಡರಿನಲ್ಲಿ ಒಂದು ಎಕ್ಸ್‌ಎಂಎಲ್ ಫೈಲ್ ಬರೆದು ನೇಮ್ ಟ್ಯಾಗಿನಲ್ಲಿ ‘ಎರಡನೇ ಮಹಡಿ ಪ್ರಿಂಟರ್’ ಎಂದು ಕೊಟ್ಟರೆ ಬೇರೆ ಕಂಪ್ಯೂಟರ್‌ಗಳಿಗೆ ಹಾಗೆಯೇ ಕಾಣುತ್ತದೆ. ಮಿತಿ ಮಾತ್ರ 63 ಬೈಟ್, ಮತ್ತು ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಕಾಗುಣಿತದ ಗುರುತು, ಸೊನ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸಬೇಕು. ‘ಎರಡನೇ’ಗೆ 5 ಸಂಕೇತ, ‘ಮಹಡಿ’ಗೆ 4, ‘ಪ್ರಿಂಟರ್’ಗೆ 8: ಹದಿನೇಳು ಮೂರಲ 51, ಎರಡು ಖಾಲಿ ಜಾಗಕ್ಕೆ 2, ಒಟ್ಟು 53 ಬೈಟ್. ನಡುವೆ ‘ಬಣ್ಣದ’ ಎಂದು ಸೇರಿಸಿದರೆ 69 ಆಗಿ ಮಿತಿ ಮೀರುತ್ತದೆ, ಸೇವೆ ಪ್ರಕಟವಾಗುವುದೇ ಇಲ್ಲ. ಪರದೆಯ ಮೇಲೆ ಏನೂ ಕಾಣದೆ ಕಂಗಾಲಾದರೆ ಲಾಗ್ ನೋಡಿ. ‘ಅವಾಹಿ-ಬ್ರೌಸ್’ಗೆ ಪಿ ಆಯ್ಕೆ ಕೊಟ್ಟಾಗ ಕನ್ನಡದ ಬದಲು 224, 178 ಎಂಬ ಸಂಖ್ಯೆಗಳ ಸಾಲು ಬಂದರೆ ಹೆಸರು ಕೆಟ್ಟಿಲ್ಲ, ಸ್ಕ್ರಿಪ್ಟುಗಳಿಗಾಗಿ ಬೈಟ್‌ಗಳನ್ನು ಬಿಡಿಸಿ ತೋರಿಸುವ ರೀತಿ ಅದು.

ಕಟ್ಟಡದಲ್ಲಿ ಎರಡು ವಿಎಲ್‌ಎಎನ್ (ಬೇರ್ಪಡಿಸಿದ ನೆಟ್‌ವರ್ಕ್) ಇದ್ದರೆ ಕೂಗು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಅದಕ್ಕೆ ಅವಾಹಿಯಲ್ಲಿ ‘ರಿಫ್ಲೆಕ್ಟರ್’ ಇದೆ, ‘ಎನೇಬಲ್-ರಿಫ್ಲೆಕ್ಟರ್’ ಅನ್ನು ಯೆಸ್ ಮಾಡಿದರೆ ಒಂದು ಕಡೆಯ ಕೂಗನ್ನು ಇನ್ನೊಂದು ಕಡೆ ಪುನಃ ಕೂಗುತ್ತದೆ. ಮನೆಯಲ್ಲಿ ಫೋನ್ ಒಂದು ಕಡೆ, ಪ್ರಿಂಟರ್ ಒಂದು ಕಡೆ ಇದ್ದರೆ ಸರಿ. ಒಂದೇ ಜೋಡಿಯ ನಡುವೆ ಎರಡು ರಿಫ್ಲೆಕ್ಟರ್ ಇಟ್ಟರೆ ಅವು ಪರಸ್ಪರರ ಕೂಗನ್ನೇ ತಿರುಗಿಸುತ್ತ ಕೂರುತ್ತವೆ. ಇದಕ್ಕಿಂತ ದೊಡ್ಡ ಕಡೆ ಅವಾಹಿಯನ್ನು ಎಳೆದಾಡಬೇಡಿ. ಡಿಎನ್‌ಎಸ್ ಮತ್ತು ಡಿಎಚ್‌ಸಿಪಿ ಎರಡನ್ನೂ ನೋಡಿಕೊಳ್ಳುವ ಸೈಮನ್ ಕೆಲ್ಲಿಯವರ ಡಿಎನ್‌ಎಸ್‌ಮಾಸ್ಕ್ ಹಾಕಿ. ಡಿಎಚ್‌ಸಿಪಿ ವಿಳಾಸ ಕೊಡುವಾಗಲೇ ಹೆಸರನ್ನೂ ಬರೆದುಕೊಳ್ಳುವುದರಿಂದ ಕೂಗುವ ಪ್ರಮೇಯವೇ ಇಲ್ಲ, ವೈಫೈ ಎಷ್ಟು ಕೆಟ್ಟಿದ್ದರೂ ಹೆಸರು ಸಿಗುತ್ತದೆ. ಡೊಮೇನಿಗೆ 2018ರ ಆರ್‌ಎಫ್‌ಸಿ 8375 ಮನೆಗಳಿಗೆಂದೇ ಮೀಸಲಿಟ್ಟ ‘ಹೋಮ್.ಅರ್ಪಾ’ ಬಳಸಿ. ಸಮಯ ತಪ್ಪದೆ ನಡೆಯಬೇಕಾದ ಬ್ಯಾಕಪ್ ಕೂಡ ಈ ಹೆಸರಿನ ಮೇಲೆಯೇ ಇರಲಿ, .ಲೋಕಲ್ ಮೇಲೆ ಬೇಡ.

ಬೇಸರ ತರುವ ಸಂಗತಿ ಎಂದರೆ 0.8 ಬಂದದ್ದು 2020ರ ಫೆಬ್ರವರಿಯಲ್ಲಿ. ಆಮೇಲಿನ ಭದ್ರತಾ ತಿದ್ದುಪಡಿಗಳನ್ನು ಡೆಬಿಯನ್, ಉಬುಂಟು ತಮ್ಮ ಪ್ಯಾಕೇಜಿಗೆ ಸೇರಿಸಿ ಕೊಡುತ್ತವೆ, ಹಾಗಾಗಿ ಮೂಲದಿಂದ ಕಂಪೈಲ್ ಮಾಡುವ ಉಮೇದು ಬೇಡ. 0.7 ಮತ್ತು ಅದಕ್ಕೂ ಹಿಂದಿನವು ಹೊರಗಿನಿಂದ ಬಂದ ಐಪಿವಿ6 ಪ್ರಶ್ನೆಗಳಿಗೂ ಉತ್ತರಿಸುತ್ತಿದ್ದವು (ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2017-6519). ಅದನ್ನು ಬೇರೆಯವರ ಮೇಲಿನ ದಾಳಿಗೆ ಬಳಸಿಕೊಳ್ಳಲು ದಾರಿಯಿತ್ತು. ಹಳೆಯ ಎನ್‌ಎಎಸ್ (ನೆಟ್‌ವರ್ಕಿನಲ್ಲಿ ಫೈಲು ಹಂಚುವ) ಪೆಟ್ಟಿಗೆಗಳಲ್ಲಿ ಇದು ಇನ್ನೂ ಉಳಿದಿರಬಹುದು, ಅವುಗಳ 5353ನೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆಯದಂತೆ ನೋಡಿಕೊಳ್ಳಿ. ಊರೂರು ತಿರುಗುವ ಲ್ಯಾಪ್‌ಟಾಪಿಗೆ ‘ಡಿಸೇಬಲ್-ಪಬ್ಲಿಷಿಂಗ್’ ಯೆಸ್ ಮಾಡಿ. ಬೇರೆಯವರ ಹೆಸರು ಅದಕ್ಕೆ ಸಿಗುತ್ತದೆ, ತನ್ನ ಹೆಸರನ್ನು ಹೋಟೆಲಿನ ವೈಫೈನಲ್ಲಿ ಸಾರುವುದಿಲ್ಲ.

ಲ್ಯಾಬ್‌ನಲ್ಲಿ ಮಾತ್ರ ಇದಕ್ಕೆ ತಿರುವುಮುರುವು ಮಾಡಬೇಕು: ‘ಪಬ್ಲಿಷ್-ವರ್ಕ್‌ಸ್ಟೇಷನ್’ ಸಾಲನ್ನು ಯೆಸ್ ಮಾಡಿ. ಆಗ ಪ್ರತಿ ಕಂಪ್ಯೂಟರ್ ತನ್ನ ಹೆಸರಿನ ಪಕ್ಕದಲ್ಲಿ ಚೌಕ ಆವರಣದೊಳಗೆ ಮ್ಯಾಕ್ ವಿಳಾಸವನ್ನೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಸಾರುತ್ತದೆ. ಎಲ್ಲ ಮುಗಿದ ಮೇಲೆ ಲ್ಯಾಬ್‌ನ ಮೇನ್ ಸ್ವಿಚ್ ಆಫ್ ಮಾಡದೆ, ಒಂದೊಂದನ್ನೂ ಶಟ್‌ಡೌನ್ ಮಾಡಿ, ನಂತರ ಮೂವತ್ತನ್ನೂ ಒಟ್ಟಿಗೆ ಆನ್ ಮಾಡಿ. ಎರಡು ನಿಮಿಷ ಬಿಡಿ. ಹೆಸರು-ವಿಳಾಸದ ನೆನಪು 120 ಸೆಕೆಂಡ್ ಇರುತ್ತದೆ, ಹಳೆಯದು ಅಳಿಯಲಿ. ಆಮೇಲೆ ‘ಅವಾಹಿ-ಬ್ರೌಸ್’ಗೆ ಟಿ ಆಯ್ಕೆ ಕೊಟ್ಟು ವರ್ಕ್‌ಸ್ಟೇಷನ್ ಸೇವೆ ಹುಡುಕಿ. ಐಪಿವಿ4ಕ್ಕೊಂದು, ಐಪಿವಿ6ಕ್ಕೊಂದು ಸಾಲಿನಂತೆ 60 ಸಾಲು ಬರುತ್ತವೆ, ಅದು ತಪ್ಪಲ್ಲ. ಅದರಲ್ಲಿ ಎಲ್ಲಾದರೂ ‘ಲ್ಯಾಬ್-12-2’ ಎಂದು ಕಂಡರೆ ಅದರ ಮತ್ತು ‘ಲ್ಯಾಬ್-12’ರ ಪಕ್ಕದ ಮ್ಯಾಕ್ ವಿಳಾಸ ಬರೆದುಕೊಂಡು ಮೇಜಿನಿಂದ ಮೇಜಿಗೆ ಹೋಗಿ. ಆ ಎರಡರಲ್ಲಿ ಒಂದಕ್ಕೆ ತಪ್ಪು ಹೆಸರು ಬಿದ್ದಿದೆ.